ಮಾಡಿದವರು ಯಾರು, ಮಾಡಿಸಿಕೊಂಡದ್ದು ಯಾವುದು: ಬೀದರಿನಲ್ಲಿ ಓದುವ ಮಗಳಿಗೆ

ಕಲಬುರಗಿ

ಚಿರಂಜೀವಿ ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿ ಮುತ್ಯಾ, ಆಯಿ ಎಲ್ಲರೂ ಆರಾಮ. ಹಾಸ್ಟೆಲಿನ ಊಟ ಈಗ ಸುಧಾರಿಸಿದೆ ಎಂದು ನಿಮ್ಮಪ್ಪ ಹೇಳಿದ, ಸಮಾಧಾನವಾಯಿತು.

ಬಿದ್ರಿ ಕಲೆಯ ಬಗ್ಗೆ ನೀನು ಇಂಗ್ಲಿಷಿನಲ್ಲಿ ಬರೆದು ಕಳಿಸಿದ ಒಂದೂವರೆ ಪುಟವನ್ನು ಎರಡು ಸಲ ಓದಿದೆ. ಕೆಲಸದ ಹಂತಗಳನ್ನು ಕಣ್ಣಾರೆ ನೋಡಿ ಬರೆದಿದ್ದೀ, ಅದು ಗೊತ್ತಾಗುತ್ತದೆ. ಹದಿನಾಲ್ಕು ಕಡೆ ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ. ಅದರಲ್ಲಿ ಮೂರು ಬರೀ ಸ್ಪೆಲ್ಲಿಂಗು. ಉಳಿದ ಹನ್ನೊಂದರ ಬೇರು ಒಂದೇ: ವಿ-3 (ಕ್ರಿಯಾಪದದ ಮೂರನೆಯ ರೂಪ, ‘ಗೋ-ವೆಂಟ್-ಗಾನ್’ ಎಂಬಲ್ಲಿಯ ‘ಗಾನ್’) ಎಲ್ಲಿ, ಐಎನ್‌ಜಿ ಎಲ್ಲಿ ಎನ್ನುವುದು ನಿನಗೆ ಇನ್ನೂ ಗಟ್ಟಿಯಾಗಿಲ್ಲ. ಹನ್ನೊಂದು ತಪ್ಪನ್ನು ಒಂದೊಂದಾಗಿ ತಿದ್ದಿ ಕಳಿಸಿದರೆ ಮುಂದಿನ ಪ್ರಬಂಧದಲ್ಲಿ ಮತ್ತೆ ಹನ್ನೊಂದು ಬರುತ್ತವೆ. ಅದಕ್ಕೇ ಬೇರಿನ ಬಗ್ಗೆಯೇ ಬರೆಯುತ್ತಿದ್ದೇನೆ. ಪತ್ರ ಉದ್ದವಾದೀತು, ಎರಡು ಸಲಕ್ಕೆ ಓದು.

ಮೊದಲು ಹೆಸರಿನ ಗೊಂದಲ ಬಿಡಿಸಿಕೋ. ‘ಗೋಯಿಂಗ್’ನಂಥ ಐಎನ್‌ಜಿ ರೂಪಕ್ಕೆ ವ್ಯಾಕರಣದಲ್ಲಿ ‘ಪ್ರೆಸೆಂಟ್ ಪಾರ್ಟಿಸಿಪಲ್’ ಎಂದೂ ವಿ-3ಕ್ಕೆ ‘ಪಾಸ್ಟ್ ಪಾರ್ಟಿಸಿಪಲ್’ ಎಂದೂ ಹೆಸರು. ‘ಪ್ರೆಸೆಂಟ್ ಪಾರ್ಟಿಸಿಪಲ್’ ಎಂದಾಗ ವರ್ತಮಾನಕಾಲ, ‘ಪಾಸ್ಟ್ ಪಾರ್ಟಿಸಿಪಲ್’ ಎಂದಾಗ ಭೂತಕಾಲ ಎಂದು ನೀನು ತಿಳಿದಿರುವುದು ನಿನ್ನ ಬರವಣಿಗೆಯಿಂದಲೇ ಕಾಣುತ್ತದೆ. ಈ ಎರಡು ಹೆಸರುಗಳು ಮಕ್ಕಳನ್ನು ದಾರಿ ತಪ್ಪಿಸಿದಷ್ಟು ಬೇರೆ ಯಾವ ಹೆಸರೂ ತಪ್ಪಿಸಿಲ್ಲ ಎಂದೇ ನನ್ನ ಅಭಿಪ್ರಾಯ. ‘ದಿ ವಾಲ್ ವಿಲ್ ಬಿ ಪೇಂಟೆಡ್ ಟುಮಾರೋ’ ಎಂಬ ವಾಕ್ಯದಲ್ಲಿ ‘ಪೇಂಟೆಡ್’ ಪಾಸ್ಟ್ ಪಾರ್ಟಿಸಿಪಲ್, ಆದರೆ ಗೋಡೆಗೆ ಬಣ್ಣ ಬೀಳುವುದು ನಾಳೆ. ‘ಶಿ ವಾಸ್ ಸಿಂಗಿಂಗ್ ಯೆಸ್ಟರ್‌ಡೇ’ ಎನ್ನುವಲ್ಲಿ ‘ಸಿಂಗಿಂಗ್’ ಪ್ರೆಸೆಂಟ್ ಪಾರ್ಟಿಸಿಪಲ್, ಹಾಡಿದ್ದು ನಿನ್ನೆ. ಕಾಲವನ್ನು ಹೊತ್ತಿರುವುದು ‘ವಿಲ್’, ‘ವಾಸ್’, ‘ಈಸ್’ ಎನ್ನುವ ಪುಟ್ಟ ಶಬ್ದಗಳು. ಪಾರ್ಟಿಸಿಪಲ್ ಹೇಳುವ ಸಂಗತಿ ಬೇರೆ. ಐಎನ್‌ಜಿ ಬಂದರೆ ನಾವು ಕೆಲಸ ಮಾಡುವವರ ಕಡೆ ನಿಂತಿದ್ದೇವೆ, ಕೆಲಸ ಇನ್ನೂ ನಡೆದಿದೆ. ವಿ-3 ಬಂದರೆ ಕೆಲಸ ಯಾವುದರ ಮೇಲೆ ಆಯಿತೋ ಅದರ ಕಡೆ ನಿಂತಿದ್ದೇವೆ, ಇಲ್ಲವೇ ಕೆಲಸ ಮುಗಿದಿದೆ. ‘ಬ್ರೇಕಿಂಗ್’ ಎಂದರೆ ಒಡೆಯುತ್ತಿರುವುದು, ‘ಬ್ರೋಕನ್’ ಎಂದರೆ ಒಡೆದುಹೋದದ್ದು. ಯಾವಾಗ ಎಂದು ಇವೆರಡೂ ಹೇಳುವುದಿಲ್ಲ.

ಕನ್ನಡದವರಿಗೆ ಇದು ಯಾಕೆ ತೊಡಕಾಗುತ್ತದೆ ಎಂದು ಹೇಳುತ್ತೇನೆ, ಇಲ್ಲಿ ಸ್ವಲ್ಪ ನಿಧಾನಿಸು. ‘ಆಯಿ ಮಾಡಿದ ರೊಟ್ಟಿ’ ಎನ್ನುತ್ತೇವೆ. ‘ರೊಟ್ಟಿ ಮಾಡಿದ ಆಯಿ’ ಎಂದೂ ಅನ್ನುತ್ತೇವೆ. ರೊಟ್ಟಿ ಮಾಡಿಸಿಕೊಂಡದ್ದು, ಆಯಿ ಮಾಡಿದವಳು. ಎರಡಕ್ಕೂ ಒಂದೇ ‘ಮಾಡಿದ’. ನಮ್ಮ ಕೃದಂತ ಕಾಲ ಹೇಳುತ್ತದೆ (ಮಾಡಿದ, ಮಾಡುವ), ನಿಷೇಧ ಹೇಳುತ್ತದೆ (ಮಾಡದ), ಆದರೆ ಮಾಡಿದವರು ಯಾರು, ಮಾಡಿಸಿಕೊಂಡದ್ದು ಯಾವುದು ಎಂದು ಅದು ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ನಾವು ಅರ್ಥದಿಂದ ತಿಳಿದುಕೊಳ್ಳುತ್ತೇವೆ. ಇಂಗ್ಲಿಷಿನ ಪಾರ್ಟಿಸಿಪಲ್ಲು ನೇರ ತಿರುವುಮುರುವು: ಕಾಲ ಹೇಳುವುದಿಲ್ಲ, ಕಡೆ ಹೇಳುತ್ತದೆ. ‘ದಿ ಬ್ರೆಡ್ ಮೇಡ್ ಬೈ ಆಯಿ’ ನಡೆಯುತ್ತದೆ, ಯಾಕೆಂದರೆ ಬ್ರೆಡ್ಡು ಮಾಡಿಸಿಕೊಂಡದ್ದು. ಆಯಿಯ ಪಕ್ಕದಲ್ಲಿ ಬರೀ ‘ಮೇಡ್’ ಇಟ್ಟು ‘ಮಾಡಿದ ಆಯಿ’ ಎಂಬ ಅರ್ಥ ತರಲಾಗುವುದಿಲ್ಲ. ನೀನು ಬರೆದ ವಾಕ್ಯ ನೋಡು: ‘ದಿ ಆರ್ಟಿಸನ್ಸ್ ಮೇಡ್ ದಿಸ್ ಬಾಕ್ಸ್ ಆರ್ ಫ್ರಂ ಬೀದರ್.’ ‘ಈ ಡಬ್ಬಿ ಮಾಡಿದ ಕುಶಲಕರ್ಮಿಗಳು ಬೀದರಿನವರು’ ಎಂದು ಕನ್ನಡದಲ್ಲಿ ಯೋಚಿಸಿ ಹಾಗೆಯೇ ಇಳಿಸಿದ್ದೀ. ಇಂಗ್ಲಿಷ್ ಓದುವವನು ‘ಮೇಡ್’ ಬಂದ ಕೂಡಲೇ ಅದೇ ಮುಖ್ಯ ಕ್ರಿಯಾಪದ ಎಂದುಕೊಳ್ಳುತ್ತಾನೆ, ಆಮೇಲೆ ‘ಆರ್’ ಬಂದು ಎಡವುತ್ತಾನೆ. ಇಲ್ಲಿ ‘ಹೂ ಮೇಡ್’ ಬೇಕೇ ಬೇಕು. ಅದೇ ಡಬ್ಬಿಯಿಂದ ಶುರು ಮಾಡಿದ್ದರೆ ‘ದಿ ಬಾಕ್ಸ್ ಮೇಡ್ ಬೈ ದೀಸ್ ಆರ್ಟಿಸನ್ಸ್’ ಎಂದು ‘ಹೂ’, ‘ವಿಚ್’ ಏನೂ ಇಲ್ಲದೆ ಸಲೀಸಾಗಿ ಬರುತ್ತಿತ್ತು.

ಆದ್ದರಿಂದ ‘ಮಾಡಿದ’, ‘ಬರೆದ’, ‘ಕೆತ್ತಿದ’ ಎಂಬ ಶಬ್ದ ತಲೆಗೆ ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳಿಕೋ: ಇದರ ಮುಂದಿರುವ ನಾಮಪದ ಕೆಲಸ ಮಾಡಿದ್ದೋ, ಮಾಡಿಸಿಕೊಂಡದ್ದೋ? ಮಾಡಿಸಿಕೊಂಡದ್ದಾದರೆ ವಿ-3. ಮಾಡುತ್ತಲೇ ಇರುವುದಾದರೆ ಐಎನ್‌ಜಿ. ಮಾಡಿ ಮುಗಿಸಿದವರಾದರೆ ‘ಹೂ’ ಹಾಕಿ ಬಿಡಿಸಿ ಬರೆ. ‘ದಿ ಬಾಯ್ ಬ್ರೇಕಿಂಗ್ ದಿ ವಿಂಡೋ ಯೆಸ್ಟರ್‌ಡೇ ವಾಸ್ ಪನಿಶ್ಡ್’ ಎಂದು ಕೆಲವರು ಬರೆಯುತ್ತಾರೆ. ನಿನ್ನೆ ಒಡೆದು ಮುಗಿದ ಕೆಲಸಕ್ಕೆ ಐಎನ್‌ಜಿ ಒಗ್ಗುವುದಿಲ್ಲ, ‘ಹೂ ಬ್ರೋಕ್’ ಎನ್ನಬೇಕು.

ಇದಕ್ಕೊಂದು ಅಪವಾದವಿದೆ. ಅಕರ್ಮಕ ಧಾತುಗಳಲ್ಲಿ ಮಾಡಿಸಿಕೊಳ್ಳುವವರೇ ಇರುವುದಿಲ್ಲ. ಆದರೂ ‘ಫಾಲನ್ ಲೀವ್ಸ್’ (ಬಿದ್ದ ಎಲೆ), ‘ಎ ರಿಟೈರ್ಡ್ ಟೀಚರ್’, ‘ಆನ್ ಎಸ್ಕೇಪ್ಡ್ ಪ್ರಿಸನರ್’ ಎನ್ನುತ್ತೇವೆ. ಇವರೆಲ್ಲ ಕೆಲಸ ಮುಗಿಸಿದವರು, ಮುಗಿಸಿ ಸ್ಥಿತಿಯೇ ಬದಲಾದವರು. ಮರದಲ್ಲಿದ್ದದ್ದು ನೆಲಕ್ಕೆ ಬಂತು, ನೌಕರಿಯಲ್ಲಿದ್ದವರು ಹೊರಗೆ ಬಂದರು. ಸ್ಥಿತಿ ಬದಲಾಗದ ಕೆಲಸಕ್ಕೆ ಈ ಅವಕಾಶವಿಲ್ಲ. ‘ನಕ್ಕ ಹುಡುಗ’ ಎಂದು ಕನ್ನಡದಲ್ಲಿ ಹೇಳಬಹುದು, ‘ಲಾಫ್ಡ್ ಬಾಯ್’ ಎಂದು ಇಂಗ್ಲಿಷಿನಲ್ಲಿ ಯಾರೂ ಅನ್ನುವುದಿಲ್ಲ.

ಹಾಸ್ಟೆಲಿನಲ್ಲಿ ಕುಡಿಯುವ ನೀರಿನ ಬಗ್ಗೆ ನೀನು ವಾರ್ಡನ್ನಿಗೆ ಬರೆದ ಅರ್ಜಿಯ ಫೋಟೋವನ್ನೂ ನಿಮ್ಮಪ್ಪ ತೋರಿಸಿದ. ‘ಪ್ಲೀಸ್ ಗಿವ್ ಅಸ್ ಬಾಯ್ಲಿಂಗ್ ವಾಟರ್ ಟು ಡ್ರಿಂಕ್’ ಎಂದು ಬರೆದಿದ್ದೀ. ಬಾಯ್ಲಿಂಗ್ ವಾಟರ್ ಎಂದರೆ ಈಗ ಕೊತಕೊತ ಕುದಿಯುತ್ತಿರುವ ನೀರು, ಕುಡಿದರೆ ನಾಲಿಗೆ ಸುಡುತ್ತದೆ. ನಿನಗೆ ಬೇಕಾದದ್ದು ‘ಬಾಯ್ಲ್ಡ್ ವಾಟರ್’, ಕುದಿಸಿ ಆರಿಸಿದ್ದು. ಐಎನ್‌ಜಿ ಮತ್ತು ವಿ-3ರ ವ್ಯತ್ಯಾಸ ನೆನಪಿಗೆ ಬರದಿದ್ದಾಗ ಈ ಎರಡು ಲೋಟ ನೀರನ್ನು ಕಣ್ಣ ಮುಂದೆ ತಂದುಕೋ.

ಇನ್ನು ಮನಸ್ಸಿನ ಭಾವನೆಗಳ ಮಾತು. ಬೋರಿಂಗ್-ಬೋರ್ಡ್, ಟೈರಿಂಗ್-ಟೈರ್ಡ್, ಕನ್ಫ್ಯೂಸಿಂಗ್-ಕನ್ಫ್ಯೂಸ್ಡ್, ಇಂಟರೆಸ್ಟಿಂಗ್-ಇಂಟರೆಸ್ಟೆಡ್. ಸ್ಪರ್ಧಾತ್ಮಕ ಪರೀಕ್ಷೆಗೆ ಕೂಡುವ ದೊಡ್ಡವರೂ ಇಲ್ಲಿ ಜಾರುತ್ತಾರೆ. ಆದರೆ ಇಲ್ಲಿ ಕನ್ನಡವೇ ನಿನ್ನ ಕೈ ಹಿಡಿಯುತ್ತದೆ. ನಮ್ಮ ಕಡೆ ‘ನನಗ ಬ್ಯಾಸರ ಆಗ್ಯಾದ’ ಎನ್ನುತ್ತೇವಲ್ಲ, ಆ ‘ಗ’ ನೋಡು. ಪುಸ್ತಕದ ಕನ್ನಡದಲ್ಲಿ ‘ಗೆ’, ಚತುರ್ಥಿ ವಿಭಕ್ತಿ. ಬೇಸರ ಯಾರಿಗೆ ಆಯಿತೋ, ದಣಿವು ಯಾರಿಗೆ ಆಯಿತೋ, ಗೊಂದಲ ಯಾರಿಗೆ ಆಯಿತೋ, ಆ ‘ಗೆ’ ಅಂಟಿಸಿಕೊಂಡವರಿಗೆ ವಿ-3. ಬೇಸರ ಯಾವುದರಿಂದ ಬಂತೋ ಅದಕ್ಕೆ ಐಎನ್‌ಜಿ. ನನಗೆ ಬೇಸರವಾಗಿದೆ: ‘ಐ ಆಮ್ ಬೋರ್ಡ್.’ ಪಾಠದಿಂದ ಬೇಸರ: ‘ದಿ ಲೆಸನ್ ಈಸ್ ಬೋರಿಂಗ್.’ ‘ಐ ಆಮ್ ಬೋರಿಂಗ್’ ಎಂದರೆ ನಾನೇ ಮಂದಿಗೆ ಬೇಸರ ತರುವವಳು ಎಂದಾಗುತ್ತದೆ. ಸಂದರ್ಶನದಲ್ಲಿ ‘ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ಟೀಚಿಂಗ್’ ಎಂದು ಬಿಟ್ಟರೆ ಕೇಳಿದವರು ಬಾಯಿಂದ ಏನೂ ಅನ್ನಲಿಕ್ಕಿಲ್ಲ, ಕಾಗದದ ಮೇಲೆ ಅಂಕ ಕಡಿಮೆ ಮಾಡುತ್ತಾರೆ. ಮನುಷ್ಯರಿಗೆ ಯಾವಾಗಲೂ ವಿ-3, ವಸ್ತುಗಳಿಗೆ ಯಾವಾಗಲೂ ಐಎನ್‌ಜಿ ಎಂಬ ಸುಲಭ ಸೂತ್ರವೊಂದು ಗೈಡುಗಳಲ್ಲಿ ಓಡಾಡುತ್ತದೆ, ಅದನ್ನು ನಂಬಬೇಡ. ಮನುಷ್ಯನೂ ಬೋರಿಂಗ್ ಆಗಬಹುದು. ‘ಗೆ’ ಎಲ್ಲಿದೆ ನೋಡುವುದೇ ಸರಿಯಾದ ಪರೀಕ್ಷೆ. ಇವುಗಳ ಆಮೇಲೆ ಬರುವ ಶಬ್ದಗಳನ್ನೂ ಜೊತೆಗೇ ಕಲಿತುಬಿಡು: ಇಂಟರೆಸ್ಟೆಡ್ ಇನ್, ಬೋರ್ಡ್ ವಿತ್, ಟೈರ್ಡ್ ಆಫ್, ಸರ್ಪ್ರೈಸ್ಡ್ ಅಟ್.

ಪಾರ್ಟಿಸಿಪಲ್ಲು ತಾನೊಂದೇ ನಿಂತು ಮುಖ್ಯ ಕ್ರಿಯಾಪದ ಆಗಲಾರದು, ಸಹಾಯಕ ಬೇಕು. ಜೋಡಿಗಳು ಮೂರೇ. ‘ಬಿ’ ಧಾತುವಿನ ಜೊತೆ ಐಎನ್‌ಜಿ: ‘ಹಿ ಈಸ್ ಈಟಿಂಗ್’, ಅವ ತಿನ್ಲಿಕತ್ತಾನ. ‘ಹ್ಯಾವ್’ ಜೊತೆ ವಿ-3: ‘ಹಿ ಹ್ಯಾಸ್ ಈಟನ್’, ಅವ ತಿಂದಾನ. ‘ಬಿ’ ಜೊತೆ ವಿ-3: ‘ಇಟ್ ಈಸ್ ಈಟನ್’, ಅದನ್ನು ತಿನ್ನಲಾಗುತ್ತದೆ. ‘ಹ್ಯಾವ್’ ಬೆನ್ನಿಗೇ ಐಎನ್‌ಜಿ ಬಾರದು. ನಡುವೆ ‘ಬೀನ್’ ಇದ್ದರೆ ಮಾತ್ರ ಬರುತ್ತದೆ: ‘ಹಿ ಹ್ಯಾಸ್ ಬೀನ್ ಈಟಿಂಗ್’. ಅಲ್ಲಿಯೂ ನಿಯಮ ಮುರಿದಿಲ್ಲ. ‘ಹ್ಯಾಸ್’ ತನ್ನ ಮುಂದೆ ವಿ-3 ಕೇಳಿತು, ‘ಬಿ’ಯ ವಿ-3 ಆದ ‘ಬೀನ್’ ಬಂತು. ‘ಬೀನ್’ ತನ್ನ ಮುಂದೆ ಐಎನ್‌ಜಿ ಕೇಳಿತು, ‘ಈಟಿಂಗ್’ ಬಂತು. ಹಾಗೆಯೇ ‘ಇಟ್ ಈಸ್ ಬೀಯಿಂಗ್ ಈಟನ್’. ಪ್ರತಿ ಶಬ್ದ ತನ್ನ ಮುಂದಿನದರ ರೂಪವನ್ನು ನಿರ್ಧರಿಸುತ್ತದೆ. ಇದನ್ನು ಹಿಡಿದುಕೊಂಡರೆ ಹನ್ನೆರಡು ಟೆನ್ಸಿನ ಕೋಷ್ಟಕ ಬಾಯಿಪಾಠ ಮಾಡುವ ಶ್ರಮ ಅರ್ಧ ಇಳಿಯುತ್ತದೆ. ನೀನು ಬರೆದ ‘ದಿ ಸಿಲ್ವರ್ ಈಸ್ ಬೀಟಿಂಗ್ ಇಂಟು ದಿ ಗ್ರೂವ್’ ಯಾಕೆ ತಪ್ಪು ಎಂದು ಈಗ ನಿನಗೇ ಹೊಳೆಯಬೇಕು. ಬೆಳ್ಳಿ ತಾನು ಬಡಿಯುವುದಿಲ್ಲ, ಬಡಿಸಿಕೊಳ್ಳುತ್ತದೆ. ‘ಈಸ್ ಬೀಟನ್’, ಇಲ್ಲವೇ ಈಗಲೇ ನಡೆದಿದ್ದರೆ ‘ಈಸ್ ಬೀಯಿಂಗ್ ಬೀಟನ್’.

ನಮ್ಮ ಕಡೆಯ ಮಾತಿನಲ್ಲಿ ‘ಬಂದ’ ಬೇರೆ, ‘ಬಂದಾನ’ ಬೇರೆ. ‘ಮಾಮಾ ಬಂದ’ ಎಂದರೆ ಬಂದದ್ದಷ್ಟೇ ಸುದ್ದಿ, ‘ಮಾಮಾ ಬಂದಾನ’ ಎಂದರೆ ಬಂದು ಈಗ ಮನೆಯಲ್ಲೇ ಇದ್ದಾನೆ. ಎರಡನೆಯದೇ ‘ಹ್ಯಾಸ್ ಕಮ್’. ಈ ಭೇದ ನಿನ್ನ ನಾಲಿಗೆಯ ಮೇಲೆ ಮೊದಲಿನಿಂದಲೂ ಇದೆ, ಅದನ್ನು ಬಳಸಿಕೋ. ಒಂದೇ ಎಚ್ಚರ: ‘ಮಾಮಾ ನಿನ್ನೆನೇ ಬಂದಾನ’ ಎಂದು ನಾವು ಧಾರಾಳವಾಗಿ ಹೇಳುತ್ತೇವೆ, ಇಂಗ್ಲಿಷಿನಲ್ಲಿ ‘ಹ್ಯಾಸ್ ಕಮ್ ಯೆಸ್ಟರ್‌ಡೇ’ ಆಗದು. ನಿನ್ನೆ, ಹೋದ ವಾರ, 2019ರಲ್ಲಿ ಎಂದು ಮುಗಿದ ಹೊತ್ತಿನ ಹೆಸರು ಬಂತೆಂದರೆ ‘ಹ್ಯಾಸ್’ ಬಿಟ್ಟು ಬರೀ ‘ಕೇಮ್’. ಇನ್ನು ‘ಹ್ಯಾಸ್ ಕೇಮ್’, ‘ಹ್ಯಾವ್ ವೆಂಟ್’, ‘ಹ್ಯಾವ್ ಡಿಡ್’ ಎನ್ನುವುದು ವಿ-2ನ್ನು ವಿ-3ರ ಜಾಗದಲ್ಲಿ ಕೂಡಿಸುವ ತಪ್ಪು. ‘ಹ್ಯಾಸ್ ಕಮ್’, ‘ಹ್ಯಾವ್ ಗಾನ್’, ‘ಹ್ಯಾವ್ ಡನ್’. ‘ಐ ಬಾರ್ನ್ ಇನ್ ಯಾದಗಿರಿ’ ಎಂಬುದೂ ಇದೇ ಜಾತಿಯದು. ‘ಬಾರ್ನ್’ ವಿ-3, ಸಹಾಯಕವಿಲ್ಲದೆ ನಿಲ್ಲದು: ‘ಐ ವಾಸ್ ಬಾರ್ನ್’. ನಿನ್ನ ಬಯೋಡೇಟಾದ ಮೊದಲ ಸಾಲಿನಲ್ಲೇ ಇದನ್ನು ಸರಿ ಮಾಡಿಕೋ.

ರೂಪಗಳನ್ನು ಹೇಗೆ ಕಲಿಯಬೇಕು? ನಿಯಮಕ್ಕೆ ಸಿಗದ ಧಾತುಗಳು ಇಂಗ್ಲಿಷಿನಲ್ಲಿ ಸುಮಾರು 200 ಇವೆ. ಅಕ್ಷರಮಾಲೆಯ ಕ್ರಮದಲ್ಲಿ ಅವನ್ನು ಬಾಯಿಪಾಠ ಮಾಡಬೇಡ, ಗುಂಪು ಮಾಡಿ ಕಲಿ. ನಿನ್ನ ಬಿದ್ರಿ ಕೆಲಸವನ್ನೇ ತೆಗೆದುಕೋ, ಅದರಲ್ಲಿ ಬೇಕಾದ ಗುಂಪುಗಳು ಹೆಚ್ಚುಕಡಿಮೆ ಎಲ್ಲ ಇವೆ. ಸತು ಮತ್ತು ತಾಮ್ರ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ: ‘ಕಾಸ್ಟ್’. ಇದು ಬದಲಾಗದ ಗುಂಪು, ‘ಕಾಸ್ಟ್-ಕಾಸ್ಟ್-ಕಾಸ್ಟ್’. ಕಟ್, ಪುಟ್, ಶಟ್, ಹಿಟ್, ಹರ್ಟ್ ಇದರ ಬಂಧುಗಳು. ನೀನು ‘ಕಾಸ್ಟೆಡ್’ ಎಂದು ಬರೆದಿದ್ದೀ, ಅಲ್ಲಿ ಗೆರೆ ಎಳೆದಿದ್ದೇನೆ. ಆಮೇಲೆ ಮೈಲುತುತ್ತದ ನೀರು ಸವರಿ ತಾತ್ಪೂರ್ತಿಕವಾಗಿ ಕಪ್ಪು ಮಾಡಿದ ಮೈಮೇಲೆ ಕೈಯಿಂದಲೇ ಚಿತ್ತಾರ ಬಿಡಿಸುತ್ತಾರೆ: ‘ಡ್ರಾ-ಡ್ರೂ-ಡ್ರಾನ್’. ಮೂರೂ ಬೇರೆಯಾಗಿ ಕೊನೆಗೆ ‘ನ್’ ಬರುವ ಗುಂಪು. ಬ್ರೋಕನ್, ರಿಟನ್, ಚೋಸನ್, ನೋನ್, ಗಿವನ್ ಎಲ್ಲ ಇಲ್ಲಿಯವೇ. ಬೆಳ್ಳಿ ತಂತಿ ಬಡಿಯುವುದು ‘ಬೀಟ್-ಬೀಟ್-ಬೀಟನ್’, ಮೊದಲೆರಡು ಒಂದೇ, ಮೂರನೆಯದು ಮಾತ್ರ ಬೇರೆ. ಬೆಳ್ಳಿ ಕೂಡಿಸುವುದಕ್ಕೆ ‘ಇನ್ಲೇ-ಇನ್ಲೇಡ್-ಇನ್ಲೇಡ್’, ಕೊನೆಗೆ ‘ಎಲ್-ಎ-ಐ-ಡಿ’. ಕೊನೆಯ ಎರಡು ಒಂದೇ ಆಗಿರುವ ಈ ಗುಂಪು ಎಲ್ಲಕ್ಕಿಂತ ದೊಡ್ಡದು: ಬಾಟ್, ಬ್ರಾಟ್, ಟಾಟ್, ಸೆಂಟ್, ಬಿಲ್ಟ್, ಕೆಪ್ಟ್, ಹೆಲ್ಡ್. ಕಡೆಗೆ ಎಣ್ಣೆ ಹಚ್ಚಿ ಉಜ್ಜುವುದು ‘ರಬ್ಡ್’, ನಿಯಮದಂತೆಯೇ ನಡೆಯುವ ಧಾತು, ‘ಬಿ’ ಮಾತ್ರ ಎರಡಾಗುತ್ತದೆ. ಈ ಕೆಲಸದಲ್ಲಿ ಸಿಗದ ಗುಂಪು ಒಂದಿದೆ, ಮೊದಲ ಮತ್ತು ಕೊನೆಯ ರೂಪ ಒಂದೇ ಆಗಿ ನಡುವಿನದು ಮಾತ್ರ ಬದಲಾಗುವುದು: ಕಮ್-ಕೇಮ್-ಕಮ್, ರನ್-ರ್‍ಯಾನ್-ರನ್, ಬಿಕಮ್-ಬಿಕೇಮ್-ಬಿಕಮ್. ಮೂರೇ ಮುಖ್ಯ, ಒಂದು ದಿನದ ಕೆಲಸ.

ಕರಗಿದ ಲೋಹಕ್ಕೆ ನೀನು ‘ಮೆಲ್ಟೆಡ್ ಮೆಟಲ್’ ಎಂದಿದ್ದೀ. ತಪ್ಪೇನಲ್ಲ, ಆದರೆ ಕೆಂಪಗೆ ಕಾದು ಹರಿಯುವ ಲೋಹಕ್ಕೂ ಕಲ್ಲಿಗೂ ಇಂಗ್ಲಿಷಿನಲ್ಲಿ ‘ಮೋಲ್ಟನ್’ ಎಂಬ ಹಳೆಯ ವಿ-3 ಉಳಿದಿದೆ, ನಾಮಪದದ ಮುಂಚೆ ಅದೇ ಚಂದ. ತುಪ್ಪ, ಬೆಣ್ಣೆ, ಐಸಿಗೆ ‘ಮೆಲ್ಟೆಡ್’. ಇಂಥ ಜೋಡಿಗಳು ಇನ್ನೂ ಇವೆ: ‘ಸಂಕ್’ ಮತ್ತು ‘ಸಂಕನ್’, ‘ಡ್ರಂಕ್’ ಮತ್ತು ‘ಡ್ರಂಕನ್’, ‘ಸ್ಟ್ರಕ್’ ಮತ್ತು ‘ಸ್ಟ್ರಿಕನ್’. ನಮ್ಮ ಕಡೆ ಪದೇ ಪದೇ ಬೇಕಾಗುವ ‘ಬರಪೀಡಿತ’ಕ್ಕೆ ‘ಡ್ರಾಟ್ ಸ್ಟ್ರಿಕನ್’ ಎಂಬುದು ಈ ಕೊನೆಯದರಿಂದಲೇ ಬಂದದ್ದು.

ಧಾತುವಿನ ತುದಿಗೆ ಅಂಟುವ ‘ಇ-ಡಿ’ಯ ಉಚ್ಚಾರ ಮೂರು ಬಗೆ. ಧಾತು ಕ, ಪ, ಚ, ಸ, ಶ, ಫದಂಥ ಅಘೋಷ ಧ್ವನಿಯಿಂದ ಮುಗಿದರೆ ‘ಟ್’: ಪಾಲಿಶ್ಟ್, ಡಿಪ್ಟ್. ಸ್ವರ ಅಥವಾ ಗ, ಬ, ಲ, ನ, ರದಂಥ ಘೋಷ ಧ್ವನಿಯಿಂದ ಮುಗಿದರೆ ‘ಡ್’: ರಬ್ಡ್, ಫೈಲ್ಡ್. ‘ಟ’ ಅಥವಾ ‘ಡ’ದಿಂದಲೇ ಮುಗಿದಾಗ ಮಾತ್ರ ‘ಇಡ್’: ಹೀಟಿಡ್, ನೀಡಿಡ್. ಮಾತಿನಲ್ಲಿ ಈ ತುದಿ ಮೆಲ್ಲಗೆ ನುಂಗಿಹೋಗುವುದರಿಂದಲೇ ಹೋಟೆಲಿನ ಬೋರ್ಡಿನ ಮೇಲೆ ‘ಫ್ರೈ ರೈಸ್’, ‘ಬಾಯ್ಲ್ ಎಗ್’ ಬರುತ್ತವೆ. ಅನ್ನ ಹುರಿಸಿಕೊಂಡದ್ದು, ‘ಫ್ರೈಡ್’. ಮೊಟ್ಟೆ ಬೇಯಿಸಿಕೊಂಡದ್ದು, ‘ಬಾಯ್ಲ್ಡ್’. ‘ಐ ಯೂಸ್ಡ್ ಟು ಗೋ’ ಎಂಬಲ್ಲಿ ಕಿವಿಗೆ ‘ಡ್’ ಬೀಳದಿದ್ದರೂ ಕಾಗದದ ಮೇಲೆ ‘ಡಿ’ ಬಿಡಬೇಡ. ಐಎನ್‌ಜಿಯ ಸ್ಪೆಲ್ಲಿಂಗು ಇಷ್ಟು ಸಾಕು: ಕೊನೆಯಲ್ಲಿ ಉಚ್ಚಾರವಿಲ್ಲದ ‘ಇ’ ಇದ್ದರೆ ಅದು ಹೋಗುತ್ತದೆ (ಮೇಕಿಂಗ್). ಕೊನೆಯ ಉಚ್ಚಾರಕ್ಕೆ ಒತ್ತು ಬಿದ್ದು ಒಂದು ಸ್ವರಾಕ್ಷರ, ಒಂದು ವ್ಯಂಜನ ಇದ್ದರೆ ವ್ಯಂಜನ ಇಮ್ಮಡಿ (ಕಟಿಂಗ್, ಬಿಗಿನಿಂಗ್). ಒತ್ತು ಮೊದಲಲ್ಲೇ ಇದ್ದರೆ ಇಮ್ಮಡಿ ಇಲ್ಲ (ವಿಸಿಟಿಂಗ್, ಓಪನಿಂಗ್). ‘ಡೈ’ ಎಂದು ಕೇಳುವ ಎರಡು ಧಾತುಗಳಲ್ಲಿ ಸಾಯುವುದು ‘ಡಿ-ವೈ-ಐ-ಎನ್-ಜಿ’, ಬಟ್ಟೆಗೆ ಬಣ್ಣ ಹಾಕುವುದು ‘ಡಿ-ವೈ-ಇ-ಐ-ಎನ್-ಜಿ’. ಇಲ್ಲಿ ‘ಇ’ ಉಳಿಸಿಕೊಳ್ಳುವುದೇ ಎರಡನ್ನು ಬೇರೆ ಮಾಡಲಿಕ್ಕೆ.

ಪಾರ್ಟಿಸಿಪಲ್ಲನ್ನು ಎಲ್ಲಿಡಬೇಕು ಎಂಬುದು ಮುಂದಿನ ಮಾತು. ಕನ್ನಡದಲ್ಲಿ ಎಷ್ಟೇ ಉದ್ದದ ವಿಶೇಷಣವಿರಲಿ, ನಾಮಪದದ ಮುಂಚೆಯೇ ಬರುತ್ತದೆ: ‘ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಪಾತ್ರೆ’. ಇಂಗ್ಲಿಷಿನಲ್ಲಿ ಒಂಟಿ ಶಬ್ದ ಮುಂಚೆ, ಬಾಲ ಇರುವುದು ಆಮೇಲೆ. ‘ಎ ಬ್ಲ್ಯಾಕನ್ಡ್ ಪಾಟ್’, ಆದರೆ ‘ಎ ಪಾಟ್ ಬ್ಲ್ಯಾಕನ್ಡ್ ವಿತ್ ದಿ ಸಾಯಿಲ್ ಆಫ್ ದಿ ಫೋರ್ಟ್’. ಬಾಲವನ್ನೂ ಮುಂಚೆಯೇ ತುರುಕಬೇಕಾದರೆ ಅಡ್ಡಗೆರೆ ಹಾಕಿ ಜೋಡುಪದ ಮಾಡಬೇಕು. ಅಲ್ಲಿಯೂ ಅದೇ ಪ್ರಶ್ನೆ ಕೆಲಸ ಮಾಡುತ್ತದೆ. ತೊಗರಿ ಬೆಳೆಯುವ ಜಿಲ್ಲೆ ‘ಎ ತೊಗರಿ-ಗ್ರೋಯಿಂಗ್ ಡಿಸ್ಟ್ರಿಕ್ಟ್’, ಜಿಲ್ಲೆ ಬೆಳೆಯುವ ಕಡೆ ಇದೆ. ಮಳೆಯನ್ನೇ ನಂಬಿದ ಬೆಳೆ ‘ಎ ರೇನ್-ಫೆಡ್ ಕ್ರಾಪ್’, ಮಳೆ ಉಣಿಸಿತು, ಬೆಳೆ ಉಣಿಸಿಕೊಂಡಿತು. ನಿನ್ನ ಪ್ರಬಂಧಕ್ಕೆ ‘ಸಿಲ್ವರ್-ಇನ್ಲೇಡ್ ಬಾಕ್ಸ್’ ಎಂಬ ಎರಡೇ ಶಬ್ದ ಒಂದು ಇಡೀ ವಾಕ್ಯದ ಕೆಲಸ ಮಾಡುತ್ತದೆ.

ಈಗ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ವಾಕ್ಯದ ತಲೆಗೆ ಪಾರ್ಟಿಸಿಪಲ್ ಗುಂಪು ಇಟ್ಟು ಅಲ್ಪವಿರಾಮ ಹಾಕಿದೆಯೆಂದರೆ, ಅಲ್ಪವಿರಾಮದ ಬೆನ್ನಿಗೇ ಬರುವ ಕರ್ತೃವೇ ಆ ಕೆಲಸದ ಒಡೆಯ. ನಿನ್ನ ವಾಕ್ಯ: ‘ಸಿಟಿಂಗ್ ಆನ್ ದಿ ಫ್ಲೋರ್, ದಿ ಡಿಸೈನ್ ಈಸ್ ಡ್ರಾನ್ ಬೈ ದಿ ಆರ್ಟಿಸನ್.’ ಇದರ ಪ್ರಕಾರ ನೆಲದ ಮೇಲೆ ಕೂತದ್ದು ಚಿತ್ತಾರ. ‘ನೆಲದ ಮೇಲೆ ಕೂತು ಚಿತ್ತಾರ ಬಿಡಿಸಲಾಗುತ್ತದೆ’ ಎಂದು ಕನ್ನಡದಲ್ಲಿ ಹೇಳಿದರೆ ಕಿವಿಗೆ ಏನೂ ಕೆಡುವುದಿಲ್ಲ, ಅದಕ್ಕೇ ನಿನಗೆ ತಪ್ಪು ಕಾಣಲಿಲ್ಲ. ‘ಸಿಟಿಂಗ್ ಆನ್ ದಿ ಫ್ಲೋರ್, ದಿ ಆರ್ಟಿಸನ್ ಡ್ರಾಸ್ ದಿ ಡಿಸೈನ್’ ಎಂದು ಒಡೆಯನನ್ನು ಪಕ್ಕಕ್ಕೆ ತಾ. ಇನ್ನೊಂದು: ‘ಬಿಲ್ಟ್ ಇನ್ 1472, ವಿ ವಿಸಿಟೆಡ್ ದಿ ಮದ್ರಸಾ ಆಫ್ ಮಹಮೂದ್ ಗವಾನ್.’ 1472ರಲ್ಲಿ ಕಟ್ಟಿಸಿಕೊಂಡದ್ದು ಮದ್ರಸಾ, ನೀನೂ ನಿನ್ನ ಗೆಳತಿಯರೂ ಅಲ್ಲ. ‘ವಿ ವಿಸಿಟೆಡ್ ದಿ ಮದ್ರಸಾ ಆಫ್ ಮಹಮೂದ್ ಗವಾನ್, ಬಿಲ್ಟ್ ಇನ್ 1472’ ಎಂದು ಕೊನೆಗೆ ಸರಿಸಿದರೆ ಮುಗಿಯಿತು.

ಇದಕ್ಕೆ ಒಂದು ಕನ್ನಡದ ಅಳತೆಗೋಲು ಕೊಡುತ್ತೇನೆ. ತಲೆಯಲ್ಲಿರುವ ಐಎನ್‌ಜಿ ನಮ್ಮ ‘ಉತ್ತಾ’ಕ್ಕೆ ಸಮ, ‘ಉವಾಗ’ಕ್ಕೆ ಅಲ್ಲ. ‘ನಾನು ನಡೆಯುವಾಗ ನಾಯಿ ಕಚ್ಚಿತು’ ಸರಿ, ‘ಉವಾಗ’ ಎರಡು ಕರ್ತೃಗಳನ್ನು ತಾಳುತ್ತದೆ. ‘ನಾನು ನಡೆಯುತ್ತಾ ನಾಯಿ ಕಚ್ಚಿತು’ ಎಂದು ಯಾರೂ ಅನ್ನುವುದಿಲ್ಲ, ‘ಉತ್ತಾ’ಕ್ಕೆ ಒಬ್ಬನೇ ಕರ್ತೃ ಬೇಕು. ಇಂಗ್ಲಿಷಿನ ‘ವಾಕಿಂಗ್ ಆನ್ ದಿ ರೋಡ್, ಎ ಡಾಗ್ ಬಿಟ್ ಮಿ’ ಅಷ್ಟೇ ಕೆಟ್ಟದಾಗಿ ಕೇಳುತ್ತದೆ, ರಸ್ತೆಯಲ್ಲಿ ವಾಕಿಂಗ್ ಹೊರಟದ್ದು ನಾಯಿ ಎಂದಾಗುತ್ತದೆ. ನಿನ್ನ ಮನಸ್ಸಿನಲ್ಲಿರುವುದು ‘ಉವಾಗ’ ಆದರೆ ‘ವೆನ್’ ಅಥವಾ ‘ವೈಲ್’ ಹಾಕಿ ಕರ್ತೃವನ್ನು ಬಾಯಿಬಿಟ್ಟು ಹೇಳು: ‘ವೈಲ್ ಐ ವಾಸ್ ವಾಕಿಂಗ್’. ಬರೀ ‘ವೈಲ್ ವಾಕಿಂಗ್’ ಎಂದರೆ ರೋಗ ವಾಸಿಯಾಗದು. ‘ಮಾಡಿ’, ‘ನೋಡಿ’, ‘ಮುಗಿಸಿ’ ಎಂಬ ನಮ್ಮ ಭೂತನ್ಯೂನಕ್ಕೆ ‘ಹ್ಯಾವಿಂಗ್’ ಜೊತೆ ವಿ-3: ‘ಹ್ಯಾವಿಂಗ್ ಸೀನ್ ದಿ ಫೋರ್ಟ್, ವಿ ಟುಕ್ ದಿ ಬಸ್’. ‘ದಿ ಬಸ್ ವಾಸ್ ಟೇಕನ್’ ಎಂದರೆ ಕೋಟೆ ನೋಡಿದ್ದು ಬಸ್ಸಾಗುತ್ತದೆ. ಕನ್ನಡದಲ್ಲಿ ‘ಮಳೆ ಬಂದು ಕೆರೆ ತುಂಬಿತು’ ಎಂದು ಕಾರಣ ಹೇಳುವಾಗ ಎರಡು ಕರ್ತೃಗಳು ನಡೆಯುತ್ತವೆ. ಇಂಗ್ಲಿಷಿನಲ್ಲಿ ಅದಕ್ಕೆ ‘ದಿ ರೇನ್ ಹ್ಯಾವಿಂಗ್ ಸ್ಟಾಪ್ಡ್, ವಿ ಸೆಟ್ ಔಟ್’ ಎಂಬ ಹಾಗೆ ಮೊದಲಿನ ಕರ್ತೃವನ್ನೂ ಇಟ್ಟು ಬರೆಯುವ ರೀತಿಯೊಂದಿದೆ. ವ್ಯಾಕರಣಶುದ್ಧ, ಆದರೆ ಹಳೆಯ ವಾಸನೆ. ಪರೀಕ್ಷೆಯಲ್ಲಿ ಗುರುತಿಸಲು ಗೊತ್ತಿರಲಿ, ಬರೆಯುವಾಗ ‘ವೆನ್ ದಿ ರೇನ್ ಸ್ಟಾಪ್ಡ್’ ಸಾಕು. ‘ಕನ್ಸಿಡರಿಂಗ್’, ‘ರಿಗಾರ್ಡಿಂಗ್’, ‘ಅಕಾರ್ಡಿಂಗ್ ಟು’ ಇವು ಪಾರ್ಟಿಸಿಪಲ್ ಆಗಿ ಹುಟ್ಟಿ ಈಗ ಪ್ರಿಪೊಸಿಷನ್ ಆಗಿವೆ, ಇವಕ್ಕೆ ಒಡೆಯನನ್ನು ಹುಡುಕಬೇಕಿಲ್ಲ.

ಐಎನ್‌ಜಿ ಕಂಡದ್ದೆಲ್ಲ ಪಾರ್ಟಿಸಿಪಲ್ ಅಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ‘ಎ ಸ್ಲೀಪಿಂಗ್ ಚೈಲ್ಡ್’ ಎಂದರೆ ಮಲಗಿರುವ ಮಗು. ‘ಎ ಸ್ಲೀಪಿಂಗ್ ಬ್ಯಾಗ್’ ಎಂದರೆ ಚೀಲ ಮಲಗಿಲ್ಲ, ಮಲಗುವುದಕ್ಕಿರುವ ಚೀಲ. ಮೊದಲನೆಯದು ಪಾರ್ಟಿಸಿಪಲ್, ಎರಡನೆಯದು ಜೆರಂಡ್, ಅಂದರೆ ಕೆಲಸದ ಹೆಸರಾಗಿ ನಾಮಪದದಂತೆ ನಡೆಯುವ ರೂಪ. ರೈಲ್ವೆ ಸ್ಟೇಷನ್ನಿನ ನಲ್ಲಿಯ ಮೇಲಿನ ‘ಡ್ರಿಂಕಿಂಗ್ ವಾಟರ್’ ಎರಡನೆಯ ಜಾತಿ. ಕನ್ನಡದ ‘ಕುಡಿಯುವ ನೀರು’, ‘ಕುಡಿಯುವ ಮನುಷ್ಯ’ ಎಂಬಲ್ಲಿಯೂ ಇದೇ ಭೇದ ಅಡಗಿದೆ. ‘-ಕ್ಕೆ ಇರುವ’ ಎಂದು ಬಿಡಿಸಲು ಬಂದರೆ ಜೆರಂಡ್, ‘-ತ್ತಿರುವ’ ಎಂದು ಬಿಡಿಸಲು ಬಂದರೆ ಪಾರ್ಟಿಸಿಪಲ್.

ಮುಂದಿನ ಮೂರು ವಾರ ಹೀಗೆ ಮಾಡು. ದಿನಕ್ಕೆ ಐದು ಧಾತು, ಒಂದೇ ಗುಂಪಿನವು. ಪ್ರತಿ ಧಾತುವಿಗೆ ನಾಲ್ಕು ವಾಕ್ಯ: ‘ಬಿ’ ಜೊತೆ ಐಎನ್‌ಜಿ, ‘ಹ್ಯಾವ್’ ಜೊತೆ ವಿ-3, ‘ಬಿ’ ಜೊತೆ ವಿ-3, ನಾಮಪದಕ್ಕೆ ಅಂಟಿದ ವಿ-3. ಧಾತು ಅಕರ್ಮಕವಾದರೆ ಮೂರನೆಯದು ಬರುವುದಿಲ್ಲ, ಬಲವಂತ ಮಾಡದೆ ಬಿಟ್ಟುಬಿಡು. ನಾಲ್ಕನೆಯದನ್ನು ಸ್ಥಿತಿ ಬದಲಾಗಿದ್ದರೆ ಮಾತ್ರ ಬರೆ. ಬರೆದದ್ದನ್ನು ಜೋರಾಗಿ ಓದು, ‘ಟ್’, ‘ಡ್’, ‘ಇಡ್’ ಬೇರೆ ಬೇರೆಯಾಗಿ ಕೇಳುವಂತಿರಲಿ. ಭಾನುವಾರ ಹೊಸದು ಬೇಡ. ವಾರದ ವಾಕ್ಯಗಳಲ್ಲಿ ಪ್ರತಿ ಪಾರ್ಟಿಸಿಪಲ್ಲಿಗೂ ಗೆರೆ ಎಳೆದು, ಅದರ ಒಡೆಯನಿಗೆ ಬಾಣ ಹಾಕು. ಬಾಣ ಎಲ್ಲಿಗೂ ತಾಗದಿದ್ದರೆ, ತಪ್ಪು ನಾಮಪದಕ್ಕೆ ತಾಗಿದರೆ, ವಾಕ್ಯ ತಿರುಗಿಸಿ ಬರೆ.

ಪ್ರಬಂಧದ ಕೊನೆಯ ಪ್ಯಾರಾ ಮಾತ್ರ ನಾನು ತಿದ್ದಿದ್ದೇನೆ, ಕೆಳಗೆ ಇದೆ. ‘ಕಾಸ್ಟ್ ಇನ್ ಎ ಮೋಲ್ಡ್ ಅಂಡ್ ಫೈಲ್ಡ್ ಸ್ಮೂದ್, ದಿ ಪಾಟ್ ಈಸ್ ಎನ್‌ಗ್ರೇವ್ಡ್ ಬೈ ಹ್ಯಾಂಡ್. ಸಿಲ್ವರ್ ವೈರ್ ಈಸ್ ಬೀಟನ್ ಇಂಟು ದಿ ಗ್ರೂವ್ಸ್. ಹೀಟೆಡ್ ಜೆಂಟ್ಲಿ ಅಂಡ್ ರಬ್ಡ್ ವಿತ್ ಎ ಪೇಸ್ಟ್ ಮೇಡ್ ಫ್ರಂ ದಿ ಸಾಯಿಲ್ ಆಫ್ ದಿ ಫೋರ್ಟ್, ದಿ ಮೆಟಲ್ ಟರ್ನ್ಸ್ ಬ್ಲ್ಯಾಕ್, ಲೀವಿಂಗ್ ದಿ ಸಿಲ್ವರ್ ಶೈನಿಂಗ್.’ ಏಳು ವಿ-3, ಎರಡು ಐಎನ್‌ಜಿ. ಒಂಬತ್ತಕ್ಕೂ ಬಾಣ ಹಾಕಿ ನೋಡು, ಆಮೇಲೆ ಮೊದಲಿನ ಪ್ಯಾರಾಗಳನ್ನು ನೀನೇ ತಿದ್ದಿ ಕಳಿಸು. ಆ ಪೇಸ್ಟಿನಲ್ಲಿ ನವಸಾಗರವೂ ಇರುತ್ತದೆ, ಅದನ್ನು ನೀನು ಬಿಟ್ಟಿದ್ದೀ. ‘ಮಿಕ್ಸ್ಡ್ ವಿತ್’ ಬಳಸಿ ಸೇರಿಸು.

ಶೇಂಗಾ ಹಿಂಡಿ ಮತ್ತು ಖಡಕ್ ರೊಟ್ಟಿ ಆಯಿ ಕಟ್ಟಿಟ್ಟಿದ್ದಾಳೆ. ಶನಿವಾರ ನಿಮ್ಮಪ್ಪ ಬರುವಾಗ ತರುತ್ತಾನೆ. ತಿದ್ದಿದ ಹಾಳೆಗಳನ್ನು ಅವನ ಕೈಯಲ್ಲೇ ಕೊಟ್ಟು ಕಳಿಸು.

ಇಂತಿ ನಿನ್ನ
ಕಾಕಾ